ಏರ್ ಮಾರ್ಷಲ್ ಕೂರುತ್ತಿದ್ದ ರೀತಿ

ತುಮಕೂರಿನ ಸದಾಶಿವನಗರದ ನಮ್ಮ ಮನೆಯ ವರಾಂಡದಲ್ಲಿ ಒಂದು ಕಬ್ಬಿಣದ ಮಡಚುವ ಕುರ್ಚಿ ಇದೆ. ಮೊದಲೆಲ್ಲ ಮದುವೆ ಛತ್ರಗಳಲ್ಲಿ ಸಾಲಾಗಿ ಹಾಕುತ್ತಿದ್ದರಲ್ಲ, ಆ ಜಾತಿಯದು. ಎಲ್ಲಿಂದ ಬಂತೋ ನೆನಪಿಲ್ಲ. ಬೆನ್ನಿನ ತಗಡಿನ ಹಿಂದೆ ಯಾವುದೋ ಶಾಮಿಯಾನದವರ ಹೆಸರು ಅರ್ಧ ಅಳಿಸಿದಂತೆ ಕಾಣುವುದರಿಂದ ನಾವು ಕೊಂಡದ್ದಲ್ಲ ಎಂಬುದು ಮಾತ್ರ ಖಚಿತ. ಹೋದ ತಿಂಗಳು ಗುಜರಿಯವನು ಬಂದಾಗ ನನ್ನ ಹೆಂಡತಿ ಅದನ್ನು ಗೇಟಿನ ಹತ್ತಿರ ತಂದಿಟ್ಟಳು. ನಾನು ಒಳಗೆ ತಂದೆ. ಅವಳು ಮತ್ತೆ ಹೊರಗಿಟ್ಟಳು. ನಾನು ಮತ್ತೆ ತಂದೆ. ಗುಜರಿಯವನು ತಕ್ಕಡಿ ಹಿಡಿದು ಇಬ್ಬರನ್ನೂ ನೋಡುತ್ತ ನಿಂತಿದ್ದ.

“ಅದ್ರಲ್ಲಿ ಇನ್ಯಾರು ಕೂರ್ತಾರೆ ಅಂತ ರೀ?” ಎಂದಳು.

ಅದರಲ್ಲಿ ಕೂರುತ್ತಿದ್ದವನು ಒಬ್ಬನೇ, ನನ್ನ ಬಾಲ್ಯದ ಗೆಳೆಯ ಮರುಳಸಿದ್ದಪ್ಪ. ವಾಯುಪಡೆಯಲ್ಲಿ ಏರ್ ಮಾರ್ಷಲ್ ಆಗಿ ನಿವೃತ್ತನಾದವನು. ನಮ್ಮೂರು ಗುಬ್ಬಿಯ ಜನಕ್ಕೆ ಆ ಪದವಿಯ ಹೆಸರು ಬಾಯಿಗೆ ಹತ್ತಲಿಲ್ಲ. ‘ಏರೋಪ್ಲೇನ್ ಜನರಲ್ಲು’ ಎನ್ನುತ್ತಿದ್ದರು. ದೆಹಲಿಯಲ್ಲಿ ಅವನ ಜೊತೆಯವರಿಗೆ ಅವನು ‘ಸಿಡ್’. ನನಗೆ ಮರುಳ. ತುಮಕೂರಿಗೆ ಬಂದಾಗಲೆಲ್ಲ ನಮ್ಮ ಸೋಫಾದ ಕಡೆ ಒಮ್ಮೆ ನೋಡಿ, “ಇದ್ರಲ್ಲಿ ಕೂತ್ರೆ ಎತ್ತೋಕೆ ಕ್ರೇನ್ ತರಿಸ್ಬೇಕು ಕಣೋ” ಎಂದು ವರಾಂಡಕ್ಕೆ ಹೋಗಿ ಈ ಕುರ್ಚಿಯನ್ನು ತಾನೇ ಬಿಡಿಸಿಕೊಂಡು ಕೂರುತ್ತಿದ್ದ. ನೆಟ್ಟಗೆ ಕೂರುತ್ತಿದ್ದ. ಅದು ಮಿಲಿಟರಿ ಶಿಸ್ತು ಎಂದು ನಮ್ಮ ಬೀದಿಯವರು ತಿಳಿದಿದ್ದರು, ಮಕ್ಕಳಿಗೆ ತೋರಿಸಿ ‘ನೋಡಿ ಹೆಂಗೆ ಕೂತವ್ರೆ’ ಎಂದು ಹೇಳಿಕೊಡುತ್ತಿದ್ದರು. ಶಿಸ್ತೂ ಅಲ್ಲ, ಮಣ್ಣೂ ಅಲ್ಲ. ಬೆನ್ನುನೋವು.

ಹುಡುಗುಪ್ರಾಯದಲ್ಲಿ ಅವನು ಹಾರಿಸುತ್ತಿದ್ದ ಯುದ್ಧವಿಮಾನದ ಎಂಜಿನ್ ಒಂದು ಬೆಳಿಗ್ಗೆ ರಾಜಸ್ಥಾನದ ಮೇಲೆ ನಿಂತುಹೋಯಿತು. ಇಂಥ ಹೊತ್ತಿಗೆಂದೇ ಸೀಟಿನ ಕೆಳಗೆ ಮದ್ದು ತುಂಬಿರುತ್ತದಂತೆ. ಹಿಡಿ ಎಳೆದರೆ ಪೈಲಟ್ಟನ್ನು ಸೀಟಿನ ಸಮೇತ ಆಕಾಶಕ್ಕೆ ಎಸೆಯುತ್ತದೆ. ಜೀವ ಉಳಿಯುತ್ತದೆ, ಬೆನ್ನುಮೂಳೆಯ ಮಣಿಗಳು ಒಂದರ ಮೇಲೊಂದು ಕುಸಿಯುತ್ತವೆ. ಅವನು ಬಂದು ಬಿದ್ದದ್ದು ಸಜ್ಜೆ ಹೊಲದಲ್ಲಿ. ಹೊಲದ ಹೆಂಗಸು ದೂರದಿಂದಲೇ ‘ನಮ್ಮೋನೋ, ಆಚೆ ಕಡೆಯೋನೋ’ ಎಂದು ಕೇಳಿದಳಂತೆ. ನಾಲಿಗೆ ಕಚ್ಚಿಕೊಂಡಿದ್ದರಿಂದ ಇವನಿಗೆ ಉತ್ತರ ಕೊಡಲಾಗಲಿಲ್ಲ. ಉತ್ತರಕ್ಕೆ ಕಾಯದೆ ಅವಳು ಮಜ್ಜಿಗೆ ಕುಡಿಸಿದಳು. ಒಂದು ವರ್ಷ ಆಸ್ಪತ್ರೆ, ಮತ್ತೆ ವಿಮಾನ. ಆದರೆ ಅಂದಿನಿಂದ ಅವನಿಗೆ ಅಂಗಾತ ಮಲಗಲು ಆಗುತ್ತಿರಲಿಲ್ಲ. ಗೋಡೆಗೆ ದಿಂಬು ಒತ್ತರಿಸಿ ಕೂತೇ ನಿದ್ದೆ ಮಾಡುತ್ತಿದ್ದ. ಮಧ್ಯಾಹ್ನವಾದರೆ ಈ ಕುರ್ಚಿಯಲ್ಲೇ.

ಈ ಸಂಗತಿ ಮುಂದೆ ನಾನು ಹೇಳಬೇಕಾಗಿರುವುದಕ್ಕೆ ತೀರ ಚೆನ್ನಾಗಿ ಹೊಂದುತ್ತದೆ. ಹೀಗೆ ಹೊಂದಿಕೊಂಡು ಬರುವ ನೆನಪುಗಳ ಮೇಲೆ ನನಗೆ ಅನುಮಾನ. ಆದ್ದರಿಂದ ಹೆಂಡತಿಯನ್ನು ಕೇಳಿದೆ. “ಹೂಂ, ಕೂತ್ಕಂಡೇ ಗೊರಕೆ ಹೊಡೀತಿದ್ರು, ಪಕ್ಕದ ಮನೆಯೋರು ಮಿಕ್ಸಿ ಅಂದ್ಕೊಂಡಿದ್ರು” ಎಂದಳು. ಸಾಕ್ಷಿ ಸಿಕ್ಕಿದ್ದರಿಂದ ಇದನ್ನು ಇಟ್ಟುಕೊಂಡಿದ್ದೇನೆ.

ನನ್ನ ಅನುಮಾನಕ್ಕೆ ಕಾರಣವಿದೆ. ಅವನು ಏರ್ ಮಾರ್ಷಲ್ ಆದಾಗ ತುಮಕೂರಿನಲ್ಲಿ ಒಂದು ಸನ್ಮಾನ ನಡೆಯಿತು. ಸ್ಮರಣ ಸಂಚಿಕೆಗೆ ‘ಅವರ ಬಾಲ್ಯ’ ಎಂದು ಎರಡು ಪುಟ ಬರೆದುಕೊಡಲು ನನಗೆ ಹೇಳಿದರು. ಬಾಲ್ಯದಲ್ಲಿ ಅವನು ವಿಶೇಷವಾದದ್ದೇನನ್ನೂ ಮಾಡಿರಲಿಲ್ಲ. ಎರಡು ಪುಟ ತುಂಬಬೇಕಲ್ಲ. ಗುಬ್ಬಿ ಕೆರೆ ಏರಿಯ ಮೇಲೆ ಅಂಗಾತ ಬಿದ್ದುಕೊಂಡು ಹದ್ದು ರೆಕ್ಕೆ ಬಡಿಯದೆ ತೇಲುವುದನ್ನು ಗಂಟೆಗಟ್ಟಲೆ ನೋಡುತ್ತಿದ್ದ ಬಾಲಕ ಎಂದು ಬರೆದೆ. ಆರು ತಿಂಗಳು ಕಳೆದು ಯಾವುದೋ ಕಾಲೇಜಿನ ಭಾಷಣದಲ್ಲಿ ಅವನೇ ಆ ಹದ್ದನ್ನು ಹಾರಿಸಿದ.

“ಲೇ, ಅದು ನಾನು ಕಟ್ಟಿದ್ದು ಕಣೋ” ಎಂದೆ.

“ಇಲ್ಲ ಬುಡು, ನಂಗೆ ಚೆನ್ನಾಗಿ ನೆನಪೈತೆ.”

“ನಾನು ಬರೆಯೋಕ್ ಮುಂಚೆ ನೆನಪಿತ್ತಾ?”

“ಅದೆಂಗ್ ಹೇಳ್ಳಿ? ನೀನ್ ಬರ್ದ್ ಮೇಲೆ ಐತೆ.”

ನಿಜದಲ್ಲಿ ಅವನು ವಾಯುಪಡೆಗೆ ಸೇರಿದ್ದು ನನ್ನ ಜೊತೆಗೆಂದು ಬಂದು. ಅರ್ಜಿ ಹಾಕಿದವನು ನಾನು. ಬೆಂಗಳೂರಿಗೆ ಒಬ್ಬನೇ ಹೋಗಲು ಹೆದರಿ ಅವನಿಂದಲೂ ಹಾಕಿಸಿದೆ. ಕಣ್ಣಿನ ಪರೀಕ್ಷೆಯಲ್ಲಿ ಗೋಡೆಯ ಮೇಲಿನ ಎರಡನೇ ಸಾಲಿಗೇ ನಾನು ಮನೆಗೆ ಬಂದೆ. ಅವನು ಬರಲಿಲ್ಲ. ನಲವತ್ತು ವರ್ಷ ಬರಲಿಲ್ಲ. ಮೊದಲು ಹಾರಿಸಿದ, ಆಮೇಲೆ ಹಾರಿಸುವವರನ್ನು ನೋಡಿಕೊಂಡ, ಕೊನೆಗೆ ದೆಹಲಿಯಲ್ಲಿ ಫೈಲು ನೋಡಿಕೊಂಡ. “ಕುರ್ಚಿ ದೊಡ್ದಾಗ್ತಾ ಹೋಯ್ತು, ಆಕಾಶ ಚಿಕ್ದಾಗ್ತಾ ಹೋಯ್ತು” ಎನ್ನುತ್ತಿದ್ದ. ಗುಬ್ಬಿಯ ಹತ್ತಿರ ಹೆಲಿಕಾಪ್ಟರ್ ಕಾರ್ಖಾನೆ ಬಂದಾಗ, “ಮನೆ ಮುಂದೇನೇ ಮಾಡ್ತಾವ್ರೆ, ಸುಮ್ನೆ ಅಷ್ಟ್ ದೂರ ಹೋದ್ನಲ್ಲೋ” ಎಂದು ನಕ್ಕಿದ್ದ.

ನಾನು ಹೇಳಬೇಕಾಗಿರುವುದು ಅವನ ಪದವಿಗಳ ವಿಷಯ ಅಲ್ಲ. ಅವನು ಸತ್ತ ಬೆಳಿಗ್ಗೆ ನಾನು ಫೋನಿನಲ್ಲಿ ಆಡಿದ ಒಂದು ಮಾತಿನ ವಿಷಯ. ಅದಕ್ಕೆ ಮೊದಲು ನಮ್ಮ ಪದ್ಧತಿಯನ್ನು ಹೇಳಬೇಕು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಉಸಿರು ನಿಂತ ಒಂದೆರಡು ಗಂಟೆಯೊಳಗೆ, ಮೈಯಲ್ಲಿ ಇನ್ನೂ ಬಿಸಿ ಇರುವಾಗಲೇ, ಚಕ್ಕಳಮಕ್ಕಳ ಹಾಕಿಸಿ, ಬೆನ್ನನ್ನು ಗೋಡೆಗೆ ಕೊಟ್ಟು, ಎಡಗೈಯನ್ನು ಎದೆಯ ಮುಂದಕ್ಕೆ ತಂದಿಡುತ್ತಾರೆ. ಕೊರಳಲ್ಲಿದ್ದ ಇಷ್ಟಲಿಂಗವನ್ನು ಮಣ್ಣು ಮಾಡುವಾಗ ಆ ಅಂಗೈಯ ಮೇಲಿಟ್ಟು, ಹಾಗೇ ಕೂತಂತೆ ಕಳಿಸಿಕೊಡುತ್ತಾರೆ. ತಡವಾದರೆ ಮೈ ಸೆಟೆದುಕೊಳ್ಳುತ್ತದೆ. ಆಮೇಲೆ ಯಾರಿಂದಲೂ ಏನೂ ಆಗುವುದಿಲ್ಲ.

ಮರುಳನ ಅಪ್ಪ ತೀರಿಕೊಂಡಾಗ ನಾವು ಮಿಡ್ಲಿಸ್ಕೂಲಿನಲ್ಲಿದ್ದೆವು. ಅವರನ್ನು ಜಗಲಿಯ ಮೇಲೆ ಕೂರಿಸಿದ್ದರು. ತಲೆ ವಾಲದ ಹಾಗೆ ಹಣೆಗೊಂದು ಬಿಳಿ ವಸ್ತ್ರ ಸುತ್ತಿ ಹಿಂದಿನ ಗೂಟಕ್ಕೆ ಕಟ್ಟಿದ್ದರು. ಹಣೆತುಂಬ ವಿಭೂತಿ. ಪಂಚಾಯ್ತಿ ಮಾಡಲು ಕೂತವರ ಹಾಗೆ ಕಾಣುತ್ತಿದ್ದರು. ನಮ್ಮಿಬ್ಬರಲ್ಲಿ ಒಬ್ಬ, “ನಿದ್ದೆ ಬಂದ್ರೆ ಹೆಂಗ್ ಮಲ್ಕತಾರೆ?” ಎಂದು ಕೇಳಿದ. ಕೇಳಿದವನು ಮರುಳ ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ, ಒಂದೆರಡು ಕಡೆ ಬರೆದೂ ಇದ್ದೇನೆ. ಅವನ ಅಕ್ಕ ಪಾರ್ವತಕ್ಕ ಒಮ್ಮೆ ತಿದ್ದಿದರು. “ಕೇಳಿದ್ದು ನೀನು ಕಣೋ ಸೋಮ. ಅವನು ಅವತ್ತು ಬಾಯೇ ಬಿಡ್ಲಿಲ್ಲ.”

ಈ ಪಾರ್ವತಕ್ಕನೇ ಅವನನ್ನು ಸಾಕಿದವರು. ತಾಯಿ ಮೊದಲೇ ಹೋಗಿದ್ದರು. ಅಕ್ಕನ ಗಂಡ ಕುಣಿಗಲ್ ಕುದುರೆ ಫಾರಂನಲ್ಲಿ ಗುಮಾಸ್ತರು. ಅಪ್ಪ ಸತ್ತ ಮೇಲೆ ಮರುಳ ಅಲ್ಲಿಗೆ ಹೋದ, ಬೇಸಿಗೆ ರಜೆಗೆ ಅವನ ಹಿಂದೆ ನಾನು. ಬೇಲಿಯ ಮೇಲೆ ಗದ್ದ ಊರಿ ಕುದುರೆಗಳನ್ನು ನೋಡುವುದೇ ನಮ್ಮ ಕೆಲಸ. ಕುದುರೆ ನಿಂತೇ ನಿದ್ದೆ ಮಾಡುತ್ತದೆ ಎಂದು ತಿಳಿದ ದಿನ ಮರುಳ ಅಡಿಗೆಮನೆಯಲ್ಲಿ ಕಂಬಕ್ಕೆ ಒರಗಿ ನಿಂತು ಕಣ್ಣು ಮುಚ್ಚಿ ಅಭ್ಯಾಸ ಮಾಡಿ, ಸಾರಿನ ಪಾತ್ರೆಯ ಮೇಲೆ ಬಿದ್ದ. ಇದಕ್ಕೆ ನಾನೇ ಸಾಕ್ಷಿ, ಅಂದರೆ ನೀವು ನಂಬಬೇಕಾಗಿಲ್ಲ. ಮುಂದೆ ಅವನು ಪೈಲಟ್ ಆಗಿ ಯುದ್ಧಕ್ಕೆ ಹೋದಾಗ, ಅದು ಮುಗಿಯುವ ತನಕ ಪಾರ್ವತಕ್ಕ ಸೋಮವಾರ ತಪ್ಪದೆ ಯಡಿಯೂರಿಗೆ ಹೋಗಿ, ಕೂತಲ್ಲೇ ಶಿವೈಕ್ಯರಾದ ಗುರುವಿನ ಗದ್ದುಗೆಯ ಮುಂದೆ ತಮ್ಮನಿಗಾಗಿ ಹಣೆ ಹಚ್ಚಿ ಬರುತ್ತಿದ್ದರು. ಅವನ ಕೊರಳಿನ ಲಿಂಗಕ್ಕೆ ದಾರ ಕಟ್ಟಿದ್ದವರೂ ಅವರೇ. ಹಾರುವಾಗ ಕೊರಳಲ್ಲಿ ದಾರ ಇರಬಾರದೆಂದು ಅವನು ಅದನ್ನು ಎದೆಯ ಜೇಬಿನಲ್ಲಿಟ್ಟು ಗುಂಡಿ ಹಾಕಿಕೊಳ್ಳುತ್ತಿದ್ದ. ಸಜ್ಜೆ ಹೊಲದಲ್ಲಿ ಬಿದ್ದಾಗಲೂ ಜೇಬಿನಲ್ಲಿತ್ತು.

ಇನ್ನೊಂದು ನೆನಪಿದೆ, ಅದರ ಬಗ್ಗೆ ನನಗೆ ಧೈರ್ಯವಿಲ್ಲ. ಇದೇ ವರಾಂಡ. ಅಧಿಕಾರಿಯಾಗಿದ್ದಾಗ ಸತ್ತ ಹುಡುಗರ ಮನೆಗಳಿಗೆ ಪೆಟ್ಟಿಗೆಯ ಜೊತೆ ಹೋಗುತ್ತಿದ್ದುದನ್ನು ಹೇಳುತ್ತಿದ್ದ. ಎಷ್ಟೋ ಸಲ ಪೆಟ್ಟಿಗೆ ತೆರೆಯುವ ಹಾಗಿರುತ್ತಿರಲಿಲ್ಲ. ತಾಯಂದಿರು ಮುಚ್ಚಳದ ಮೇಲೆ ಕೈಯಾಡಿಸಿ ‘ಇಲ್ಲಿ ತಲೆಯಾ, ಇಲ್ಲಿ ಕಾಲಾ’ ಎಂದು ಕೇಳುತ್ತಿದ್ದರಂತೆ. “ಯಾವ ಕಡೆ ತಲೆ ಅಂತ ನಂಗೂ ಗೊತ್ತಿರ್ತಿರ್ಲಿಲ್ಲ ಕಣೋ. ಸುಮ್ನೆ ಒಂದು ಕಡೆ ತೋರಿಸ್ತಿದ್ದೆ” ಎಂದ. ಇಷ್ಟು ನಿಜ. ಇದಾದ ಮೇಲೆ ಅವನು, “ನನ್ನನ್ನ ಮಾತ್ರ ಅಪ್ಪನ್ನ ಕೂರಿಸ್ದಂಗೆ ಕೂರಿಸ್ಬುಡ್ರಪ್ಪ” ಎಂದನೇ? ಈಗ ಅದು ನನ್ನ ಕಿವಿಯಲ್ಲಿದೆ. ಅವನ ದನಿಯೇ. ಆದರೆ ಅವನು ಸಾಯುವ ಮೊದಲು ಅದು ನನ್ನ ಕಿವಿಯಲ್ಲಿ ಇತ್ತೇ ಎಂದು ಹುಡುಕಿದರೆ ಸಿಗುವುದಿಲ್ಲ.

ಅವನು ಹೋದದ್ದು ಬೆಂಗಳೂರಿನ ಆಸ್ಪತ್ರೆಯಲ್ಲಿ, ಬೆಳಗಿನ ಆರು ಗಂಟೆಗೆ. ಅರ್ಧ ಗಂಟೆಯಲ್ಲಿ ಮಗ ನಿತಿನ್ ಫೋನ್ ಮಾಡಿದ. ಅಪ್ಪನ ವರ್ಗಾವಣೆಗಳ ಜೊತೆ ಉತ್ತರದ ಊರೂರಲ್ಲಿ ಬೆಳೆದವನು. ಕನ್ನಡ ಮಾತಾಡುತ್ತಾನೆ, ಆದರೆ ದುಃಖವಾದಾಗ ಇಂಗ್ಲಿಷು. ವಾಯುಪಡೆಯವರು ಎಲ್ಲ ವ್ಯವಸ್ಥೆ ಮಾಡುತ್ತಾರೆ, ನಾಳೆ ಗುಬ್ಬಿಯಲ್ಲಿ ಗೌರವ ಸಲ್ಲಿಸುತ್ತಾರೆ, ಈಗ ದೇಹವನ್ನು ಪೆಟ್ಟಿಗೆಗೆ ಸಿದ್ಧ ಮಾಡಬೇಕು, ನಿಮ್ಮ ಕಡೆ ಯಾವುದಾದರೂ ಪದ್ಧತಿ ಇದೆಯೇ ಎಂದು ಕೇಳುತ್ತಿದ್ದಾರೆ, ಏನು ಹೇಳಲಿ ಅಂಕಲ್ ಎಂದ.

ನಾನು, “ವಿಶೇಷ ಏನೂ ಇಲ್ಲಪ್ಪ, ಅವರಿಗೆ ಹೇಗೆ ಅನುಕೂಲವೋ ಹಾಗೆ ಮಾಡಲಿ” ಎಂದೆ. ಇಂಗ್ಲಿಷಿನಲ್ಲಿ.

ಯಾಕೆ ಹಾಗೆಂದೆ? ಈ ಪ್ರಶ್ನೆಗೆ ನನ್ನಲ್ಲಿ ಹಲವು ಉತ್ತರಗಳಿವೆ. ಒಂದೇ ಇದ್ದಿದ್ದರೆ ನೆಮ್ಮದಿಯಾಗಿ ಇರುತ್ತಿದ್ದೆ. ಗಾಬರಿಯಾಗಿತ್ತು ಎನ್ನಬಹುದು, ಅಷ್ಟೇನೂ ಆಗಿರಲಿಲ್ಲ, ಫೋನಿಟ್ಟ ಮೇಲೆ ಕಾಫಿ ಕುಡಿದದ್ದು ನೆನಪಿದೆ. ಶಾಸ್ತ್ರ ಸಂಪ್ರದಾಯಗಳನ್ನು ಗೇಲಿ ಮಾಡುತ್ತಲೇ ವಯಸ್ಸಾದವನು ನಾನು. ಆ ಹೊತ್ತಿನಲ್ಲಿ ‘ಕಾಲು ಮಡಚಿ ಕೂರಿಸಿ’ ಎಂದು ಒಬ್ಬ ಡಾಕ್ಟರಿಗೆ ಹೇಳಿಸಲು ನಾಚಿಕೆಯಾಯಿತು ಎನ್ನಬಹುದು. ಅದು ಸ್ವಲ್ಪ ಹತ್ತಿರದ ಉತ್ತರ. ಕನ್ನಡದಲ್ಲಿ ಕೇಳಿದ್ದರೆ ಜಗಲಿ, ಗೂಟ, ಬಿಳಿ ವಸ್ತ್ರ ಎಲ್ಲ ಕಣ್ಣಿಗೆ ಬರುತ್ತಿತ್ತೇನೋ. ಇಂಗ್ಲಿಷಿನಲ್ಲಿ ನನಗೆ ಅಂಥ ಯಾವ ಜಗಲಿಯೂ ಇಲ್ಲ.

ಮರುದಿನ ಮಧ್ಯಾಹ್ನ ಗುಬ್ಬಿಯ ಹೊರಗಿನ ಅವರ ಹೊಲಕ್ಕೆ ನಾನು ಪೆಟ್ಟಿಗೆಗಿಂತ ಮೊದಲೇ ಹೋದೆ. ಅಪ್ಪನ ಸಮಾಧಿಯ ಪಕ್ಕದಲ್ಲಿ ಗುಂಡಿ ಸಿದ್ಧವಾಗಿತ್ತು. ತೋಡಿದವನು ಪಕ್ಕದ ಹೊಲದ ರುದ್ರೇಶ. ವಸಂತನರಸಾಪುರದಲ್ಲಿ ಯಾವುದೋ ಫ್ಯಾಕ್ಟರಿಯಲ್ಲಿ ಮೆಷಿನ್ ನೋಡಿಕೊಳ್ಳುತ್ತಾನೆ, ರಜೆ ಹಾಕಿ ಬಂದಿದ್ದ. ಜೆಸಿಬಿ ಬೇಡವೆಂದು ಕೈಯಲ್ಲೇ ತೋಡಿ, ಗುಂಡಿಯ ಒಂದು ಗೋಡೆಯಲ್ಲಿ ಕೂರುವ ಗೂಡನ್ನು ಕೊರೆದು, ಒಳಗೆ ಸಗಣಿ ಸಾರಿಸಿ ವಿಭೂತಿ ಪಟ್ಟೆ ಎಳೆದಿದ್ದ.

“ಸಾಹೇಬ್ರು ಎತ್ತರ ಅಲ್ವಾ ಸಾರ್, ಒಂದ್ ಗೇಣು ಜಾಸ್ತಿ ಬುಟ್ಟಿವ್ನಿ. ತಲೆ ತಗುಲಬಾರ್ದು” ಎಂದ.

ನಾನು ಫೋನಿನಲ್ಲಿ ಏನು ಮಾಡಿದ್ದೆನೆಂದು ಆಗಲೇ ನನಗೆ ಗೊತ್ತಾದದ್ದು. ಗೂಡಿನ ಒಳಗೆ ನೋಡಿದೆ. ಅಲ್ಲಿ ಒಬ್ಬ ಮನುಷ್ಯ ಕೂರುವಷ್ಟು ಜಾಗ ಇತ್ತು.

ಲಾರಿ ಬಂತು. ಬಾವುಟ ಹೊದಿಸಿದ ಪೆಟ್ಟಿಗೆ ಇಳಿಯಿತು. ಕೊಂಬು ಊದಿದರು, ಗುಂಡು ಹಾರಿಸಿದರು, ತೆಂಗಿನ ಮರದ ಕಾಗೆಗಳೆಲ್ಲ ಎದ್ದವು. ಅಧಿಕಾರಿಯೊಬ್ಬರು ಕೆರೆ ಏರಿಯ ಹದ್ದಿನ ಕಥೆಯನ್ನು ಗದ್ಗದಿತರಾಗಿ ಹೇಳಿದರು. ಬಾವುಟವನ್ನು ಮಡಚಿ ನಿತಿನ್ ಕೈಗೆ ಕೊಟ್ಟರು. ಮುಚ್ಚಳ ತೆಗೆದರು. ಮರುಳ ಸಮವಸ್ತ್ರದಲ್ಲಿ, ಎರಡು ಕೈಗಳೂ ಪಕ್ಕದಲ್ಲಿ, ಅಂಗಾತ ಮಲಗಿದ್ದ. ಸಾಲಾಗಿ ಪದಕಗಳು. ತುಂಬ ನೆಟ್ಟಗೆ ಮಲಗಿದ್ದ.

ಪಾರ್ವತಕ್ಕನಿಗೆ ಎಂಬತ್ತು ದಾಟಿದೆ. ಮಗಳ ಭುಜ ಹಿಡಿದುಕೊಂಡು ಬಂದರು. ತಮ್ಮನ ಮುಖ ನೋಡಿದರು, ಆಮೇಲೆ ಕಾಲು ನೋಡಿದರು.

“ಯಾಕ್ ಹಿಂಗ್ ಮಲಗ್ಸವ್ರೆ?” ಎಂದು ಅಯ್ಯನೋರನ್ನು ಕೇಳಿದರು. ಮಣ್ಣಿನ ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನೋರು ಬಗ್ಗಿ ಮರುಳನ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿ ನೋಡಿದರು. ಭುಜ ಒತ್ತಿದರು.

“ಐಸಲ್ಲಿ ಮಡಗಿದ್ರು ತಾಯಿ. ಬಗ್ಗಲ್ಲ.”

“ಬಿಸಿನೀರು ಹಾಕಿ ಉಜ್ಜಿದ್ರೆ?”

“ಮುರೀಬೇಕಾಗ್ತದೆ.”

“ಬ್ಯಾಡ ಬುಡಿ” ಎಂದರು. ಆಮೇಲೆ ಸುತ್ತಲೂ ನಿಂತಿದ್ದ ನಮ್ಮನ್ನೆಲ್ಲ ನೋಡಿ, “ಮಲಗಿಸ್ರಿ ಅಂತ ಯಾರು ಹೇಳಿದ್ದು?” ಎಂದರು.

ನಿತಿನ್ ನನ್ನ ಕಡೆ ನೋಡಿದ. ನಾನು ಪದಕಗಳನ್ನು ನೋಡುತ್ತಿದ್ದೆ.

“ನಾನೇ ಅತ್ತೆ” ಎಂದ ಅವನು. “ನಂಗೆ ಗೊತ್ತಿರ್ಲಿಲ್ಲ.”

“ಯಾರ್ನಾರ ಕೇಳಕ್ಕಾಗ್ಲಿಲ್ವಾ?”

ಅವನು ಕೈಯಲ್ಲಿದ್ದ ಬಾವುಟವನ್ನು ಇನ್ನೊಂದು ಮಡಿಕೆ ಮಡಚಿದ.

ರುದ್ರೇಶ ಮತ್ತೆ ಗುಂಡಿಗಿಳಿದು ಅದನ್ನು ಉದ್ದ ಮಾಡಿದ. ಅರ್ಧ ಗಂಟೆ ಹಿಡಿಯಿತು. ಅಷ್ಟೂ ಹೊತ್ತು ವಾಯುಪಡೆಯ ಹುಡುಗರು ಬಿಸಿಲಿನಲ್ಲಿ ಅಲುಗದೆ ನಿಂತಿದ್ದರು. ಪಾರ್ವತಕ್ಕ ಲಿಂಗವನ್ನು ಅಂಗೈಗೆ ಇಡಲು ನೋಡಿದರು, ಬೆರಳುಗಳನ್ನು ಬಿಡಿಸಲಾಗಲಿಲ್ಲ. ಎದೆಯ ಜೇಬಿನಲ್ಲಿಟ್ಟು, ತಾವೇ ಗುಂಡಿ ಹಾಕಿದರು. ಗೂಡು ಹಾಗೇ ಖಾಲಿ ಉಳಿಯಿತು. “ಇದ್ನೇನ್ ಮಾಡನವ್ವಾ?” ಎಂದು ರುದ್ರೇಶ ಕೆಳಗಿನಿಂದ ಕೇಳಿದ. “ಮುಚ್ಬುಡಪ್ಪ” ಎಂದರು.

ಹನ್ನೊಂದನೇ ದಿನದ ಆರಾಧನೆಗೆ ನಿತಿನ್ ಬರುವುದು ಬೇಡವೆಂದು ಪಾರ್ವತಕ್ಕ ಹೇಳಿ ಕಳಿಸಿದರು. ಅವನ ಫೋನನ್ನೂ ಎತ್ತಲಿಲ್ಲ. ಅವನಿಗೆ ಈಗ ಈ ಕಡೆ ಉಳಿದಿರುವ ನೆಂಟರೆಂದರೆ ಆ ಅತ್ತೆ ಒಬ್ಬರೇ. ನನಗೆ ಫೋನ್ ಮಾಡಿದ. “ಇಟ್ಸ್ ಓಕೆ ಅಂಕಲ್, ನೀವು ಹೇಳ್ಬೇಡಿ, ಈ ವಯಸ್ಸಲ್ಲಿ ನಿಮ್ಮಿಬ್ಬರ ಮಧ್ಯೆ ಯಾಕೆ” ಎಂದ. ಅವನ ಒಳ್ಳೆಯತನವನ್ನು ನಾನು ಕೃತಜ್ಞತೆಯಿಂದ ಉಪಯೋಗಿಸಿಕೊಂಡೆ. ನಾಲ್ಕು ತಿಂಗಳು.

ಗುಜರಿಯವನು ಬರಿಗೈಯಲ್ಲಿ ಹೋದ ಮಾರನೇ ದಿನ ಕುಣಿಗಲ್ ಬಸ್ ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ, ಚೆನ್ನಾಗಿ ಜೋಡಿಸಿದ್ದನ್ನೆಲ್ಲ ಕಿತ್ತುಹಾಕಿದೆ. ಪಾರ್ವತಕ್ಕ ಮಗಳ ಮನೆಯ ನಡುಮನೆಯಲ್ಲಿ ಕಾಲು ಚಾಚಿಕೊಂಡು ಹೊನಗೊನೆ ಸೊಪ್ಪು ಬಿಡಿಸುತ್ತಿದ್ದರು.

“ಅಕ್ಕ, ಮಲಗಿಸಿ ಅಂತ ಹೇಳಿದ್ದು ನಿತಿನ್ ಅಲ್ಲ. ನಾನು” ಎಂದೆ.

ಅವರ ಕೈ ನಿಂತಿತು. “ಏನಂದೆ?”

“ಬೆಳಿಗ್ಗೆ ಫೋನ್ ಮಾಡಿ ಪದ್ಧತಿ ಏನಂತ ಕೇಳ್ದ. ಏನೂ ಇಲ್ಲ, ಅವ್ರಿಗೆ ಅನುಕೂಲ ಆದಂಗೆ ಮಾಡ್ಲಿ ಅಂದೆ.”

“ನಿಂಗೆ ಗೊತ್ತಿರ್ಲಿಲ್ವಾ ಪದ್ಧತಿ?”

“ಗೊತ್ತಿತ್ತು.”

“ಗೊತ್ತಿದ್ದೂ ಹಂಗಂದೆ?”

“ಹೂಂ ಅಕ್ಕ.”

ಅವರು ಸೊಪ್ಪನ್ನು ಪಕ್ಕಕ್ಕೆ ಸರಿಸಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿ ಎಂದೇ ಬಂದಿದ್ದೆ. ಅವರ ಮುಖ ಸಡಿಲವಾಯಿತು.

“ಆ ಹುಡ್ಗ ಕಳಿಸಿದ್ನಾ ನಿನ್ನ?”

“ಇಲ್ಲ ಅಕ್ಕ, ನಿಜ ಹೇಳ್ತಿದೀನಿ.”

“ಸುಮ್ನಿರೋ. ಅವತ್ತು ಎಲ್ಲಾರ ಮುಂದೆ ಕೇಳ್ದೆ. ನೀನು ಅಲ್ಲೇ ಪೆಟ್ಗೆ ಪಕ್ಕದಲ್ಲೇ ನಿಂತಿದ್ದೆ. ನೀನೇ ಹೇಳಿದ್ದಾಗಿದ್ರೆ, ಆ ಮಗಿನ ಮೇಲೆ ಬರೋಕ್ ಬುಟ್ಟು ಸುಮ್ನೆ ನಿಂತಿರ್ತಿದ್ದಾ? ಚಿಕ್ಕೋನಿಂದ ನೋಡಿವ್ನಿ ನಿನ್ನ. ಅಂಥೋನಲ್ಲ ನೀನು.”

ನಾನು ಇನ್ನೆರಡು ಸಲ ಹೇಳಿದೆ. ಹೇಳಿದಷ್ಟೂ ಅವರ ಕಣ್ಣಿನಲ್ಲಿ ನನ್ನ ಮೇಲೆ ಮರುಕ ಹೆಚ್ಚಿತು. ಕೊನೆಗೆ ಸೊಪ್ಪಿನ ಕೈ ಒರೆಸಿಕೊಂಡು, “ಆಯ್ತು ಬುಡು. ಮಾಡು ಅವನಿಗೆ ಫೋನು” ಎಂದರು.

ಮಾಡಿ ಕೊಟ್ಟೆ. “ನಿತಿನಾ, ಊಟ ಆಯ್ತೇನಪ್ಪ?” ಎಂದರು. “ಅಳಬ್ಯಾಡ. ನಮ್ ಸೋಮ ಬಂದವ್ನೆ ಇಲ್ಲಿ. ನಿನಗೋಸ್ಕರ ಇಲ್ದಿದ್ದೆಲ್ಲ ಮೈಮೇಲೆ ಹಾಕ್ಕಂತಾವ್ನೆ, ಪಾಪ. ನೀನು ಬಾ ಒಂದ್ಸಲ. ನಿಮ್ಮಪ್ಪನ್ ಹತ್ರ ಹೋಗ್ ಬರಾನ.”

ಫೋನು ವಾಪಸ್ ಕೊಟ್ಟು ನನ್ನನ್ನು ಊಟಕ್ಕೆ ಕೂರಿಸಿದರು. ಮಗಳು ಬಡಿಸಲು ಬಂದರೆ ಅವಳ ಕೈಯಿಂದ ತಟ್ಟೆ ಇಸಿದುಕೊಂಡು ತಾವೇ ಇಟ್ಟರು.

“ನಿನ್ನಂಥೋನು ಒಬ್ಬ ಇದ್ದ ನನ್ ತಮ್ಮಂಗೆ” ಎಂದರು. “ಅದೊಂದು ಪುಣ್ಯ ಮಾಡಿದ್ದ.”

ಬೇಡವೆನ್ನುವಷ್ಟರಲ್ಲಿ ಇನ್ನೊಂದು ಮುದ್ದೆ ತಟ್ಟೆಗೆ ಬಿತ್ತು. ಅವರು ನೋಡುತ್ತ ಕೂತಿದ್ದರು. ಮುರಿದು, ಸಾರಿಗೆ ಅದ್ದಿ, ನುಂಗಿದೆ.